ಬಿಸ್ಕತ್ತಿನ ಹೆಸರಿನ ಊರು

ಆ ಊರು ನನಗೆ ಮೊದಲು ಗೊತ್ತಾಗಿದ್ದು ಬಿಸ್ಕತ್ತಾಗಿ.

ಪುಣೆಯಲ್ಲಿದ್ದ ಕಾಕಾ ದೀಪಾವಳಿಗೆ ಗದಗಕ್ಕೆ ಬರುವಾಗ ಕಯಾನಿ ಬೇಕರಿಯ ಎರಡು ಡಬ್ಬಿ ತಪ್ಪದೆ ತರುತ್ತಿದ್ದರು. "ಮುಂಜಾನೆ ಎದ್ದು ಪಾಳಿ ಹಚ್ಚಿ ತಂದೀನಿ, ಒಂದೊಂದೇ ತಿನ್ರಿ" ಅಂತ ಡಬ್ಬಿ ಬಿಚ್ಚುವ ಮೊದಲೇ ಎಚ್ಚರಿಕೆ. ಮನೆ ತುಂಬ ಬೆಣ್ಣೆ ವಾಸನೆ. ಹಲ್ಲು ತಾಗಿದರೆ ಪುಡಿಯಾಗುವ ಬಿಸ್ಕತ್ತು, ಅಂಗಿ ಮೇಲೆಲ್ಲ ಚೂರು. ಹೆಸರು ಶ್ರೂಸ್‌ಬರಿ. ನಮ್ಮ ಬಾಯಲ್ಲಿ ಅದು ಸುಸಬೇರಿ. ಸ್ಟ್ರಾಬೆರಿ ಹಾಗೆ ಇದೂ ಒಂದು ಹಣ್ಣೇ ಇರಬೇಕು ಅಂತ ಎಷ್ಟೋ ವರ್ಷ ನಂಬಿದ್ದೆ. ಬಿಸ್ಕತ್ತಿನಲ್ಲಿ ಹಣ್ಣಿನ ಸುಳಿವೇ ಇಲ್ಲವಲ್ಲ ಅಂತ ಒಮ್ಮೆಯೂ ಅನಿಸಲಿಲ್ಲ.

ಹಾಗಾಗಿ 2017ರಲ್ಲಿ ನನ್ನ ಗಂಡನಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿ, ಊರಿನ ಹೆಸರು ಶ್ರೂಸ್‌ಬರಿ ಅಂದಾಗ ನಕ್ಕುಬಿಟ್ಟೆ. ಅಪ್ಪನಿಗೆ ಫೋನ್ ಮಾಡಿದರೆ ಅವರೂ ನಕ್ಕರು. "ಬಿಸ್ಕೂಟ್ ಊರಿಗೆ ಹೊಂಟೀರೇನು?"

ಆ ಬಿಸ್ಕೂಟ್ ಊರಲ್ಲಿ ಎರಡು ವರ್ಷ ಹತ್ತು ತಿಂಗಳು ಇದ್ದೆವು.

ಹೋದ ಮೇಲೆ ಗೊತ್ತಾಯಿತು, ಆ ಹೆಸರನ್ನು ಹೇಗೆ ಹೇಳಬೇಕು ಅನ್ನುವುದು ಊರಿನವರಿಗೇ ಬಗೆಹರಿದಿಲ್ಲ. ಕೆಲವರು ಶ್ರೂಸ್‌ಬರಿ ಅಂತಾರೆ, ಕೆಲವರು ಶ್ರೋಸ್‌ಬರಿ. ಇಬ್ಬರಿಗೂ ತಾವು ಹೇಳಿದ್ದೇ ಸರಿ, ಹೊರಗಿನಿಂದ ಬಂದವರು ಏನಂದರೂ ತಪ್ಪು. ನಾನೊಂದು ಉಪಾಯ ಮಾಡಿಕೊಂಡಿದ್ದೆ. ಎದುರಿಗಿದ್ದವರು ಮೊದಲು ಹೇಳಲಿ ಅಂತ ಕಾಯುವುದು, ಅವರು ಅಂದ ಹಾಗೇ ನಾನೂ ಅನ್ನುವುದು. ಧಾರವಾಡದಲ್ಲಿ ಫೇಡಾ, ಬೆಂಗಳೂರಿನಲ್ಲಿ ಪೇಡ, ಜಗಳ ಯಾಕೆ?

ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಒಂದು ಗಂಟೆ. ವೇಲ್ಸ್ ಗಡಿ ಹತ್ತಿರ. ಸೆವರ್ನ್ ನದಿ ಊರನ್ನು ಲಾಳದ ಹಾಗೆ ಸುತ್ತಿಕೊಂಡಿದೆ. ಒಂದು ಕಡೆ ಮಾತ್ರ ಸ್ವಲ್ಪ ನೆಲ ಬಿಟ್ಟಿದೆ, ಆ ಕುತ್ತಿಗೆಯಲ್ಲಿ ಕೋಟೆ. ಕೋಟೆಯ ಕೆಳಗೇ ರೈಲ್ವೆ ಸ್ಟೇಷನ್. ಇಂಗ್ಲೆಂಡ್ ಕಡೆಯ ಸೇತುವೆಗೆ ಇಂಗ್ಲಿಷ್ ಬ್ರಿಡ್ಜ್ ಅಂತ ಹೆಸರು, ವೇಲ್ಸ್ ಕಡೆಯದಕ್ಕೆ ವೆಲ್ಷ್ ಬ್ರಿಡ್ಜ್. ಹೆಸರಿಡೋಕೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ನಾವು ಇಳಿದಿದ್ದು ಅಕ್ಟೋಬರ್ ಸಂಜೆ, ಜಿಟಿಜಿಟಿ ಮಳೆ. ಸ್ಟೇಷನ್ನಿನ ಆಚೆ ತುದಿಯಲ್ಲಿ ಒಂದು ದೊಡ್ಡ ಇಟ್ಟಿಗೆ ಕಟ್ಟಡ, ಮೇಲೆ ಉದ್ದಕ್ಕೂ ಗಾಜಿನ ಕಿಟಕಿ. ರೈಲಿನ ಸಿಗ್ನಲ್ ಬಾಕ್ಸ್. 1903ರದು, 180 ಸನ್ನೆಗಳಿವೆ, ಈಗಲೂ ಮನುಷ್ಯರೇ ಕೈಯಲ್ಲಿ ಎಳೆದು ಸಿಗ್ನಲ್ ಬದಲಿಸುತ್ತಾರೆ. ಗದಗ ಜಂಕ್ಷನ್ನಿನಲ್ಲಿ ಬೆಳೆದವಳಿಗೆ ಅದನ್ನು ನೋಡಿ ಅರ್ಧ ಹೆದರಿಕೆ ಹೋಯಿತು.

ಉಳಿದ ಅರ್ಧ ಮರುದಿನ ವಾಪಸ್ ಬಂತು. ಹಾಲು ತರೋಕೆ ಹೋದವಳು ದಾರಿ ತಪ್ಪಿಸಿಕೊಂಡೆ. ಊರಿನ ನಡುವಿನ ಬೀದಿಗಳ ಮಧ್ಯೆ ಸಂದಿಗಳಿವೆ, ಅವಕ್ಕೆ ಅಲ್ಲಿ ಶಟ್ ಅಂತಾರೆ. ಎರಡು ಮನೆಗಳ ನಡುವೆ ಒಬ್ಬರು ಕೊಡೆ ಬಿಚ್ಚಿದರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಅಗಲ. ಒಂದು ಬೀದಿಯಲ್ಲಿ ಹೊಕ್ಕರೆ ಎಲ್ಲೋ ಬೇರೆ ಬೀದಿಯಲ್ಲಿ ಎದ್ದು ಬರುತ್ತೀರಿ. ಎರಡೂ ಬದಿ ಕರಿ ತೊಲೆ ಬಿಳಿ ಗೋಡೆಯ ಹಳೇ ಮನೆಗಳು. ಕೆಳಗಿನ ಅಂತಸ್ತಿಗಿಂತ ಮೇಲಿನದು ಮುಂದೆ ಬಂದಿರುತ್ತದೆ, ಮೇಲೆ ನೋಡಿದರೆ ಎರಡು ಮನೆಯವರು ತಲೆ ಬಗ್ಗಿಸಿ ಗುಸುಗುಸು ಮಾತಾಡುತ್ತಿರುವ ಹಾಗೆ. ಬೀದಿಗಳ ಹೆಸರೋ! ಡಾಗ್‌ಪೋಲ್, ಮಾರ್ಡಾಲ್, ವೈಲ್ ಕಾಪ್. ಯಾವುದೂ ಇಂಗ್ಲಿಷ್ ಅನಿಸಲಿಲ್ಲ. ಹಾಲಿನ ಬಾಟಲಿ ಹಿಡಿದು ಮುಕ್ಕಾಲು ಗಂಟೆ ಸುತ್ತಿ ಮನೆಗೆ ಬಂದೆ. ಮನೆ ಇದ್ದಿದ್ದು ಅಂಗಡಿಯಿಂದ ಆರು ನಿಮಿಷದ ದಾರಿ.

ಅಂಥ ಊರಿಗೆ ಅಲ್ಲಿ ಮಾರ್ಕೆಟ್ ಟೌನ್ ಅಂತಾರೆ. ನಮ್ಮ ಮಾತಿನಲ್ಲಿ ಸಂತೆ ಊರು. ಸುತ್ತಲಿನ ಹಳ್ಳಿಯವರು ವಾರಕ್ಕೊಮ್ಮೆ ಬರುವ, ಮಾರುವ, ಕೊಳ್ಳುವ, ಎರಡು ಲೋಟ ಕುಡಿದು ಸಂಜೆ ವಾಪಸ್ ಹೋಗುವ ಊರು. ಹಿಂದೆ ಸಂತೆ ನಡೆಸೋಕೆ ರಾಜನ ಅಪ್ಪಣೆ ಬೇಕಿತ್ತು. ಅಪ್ಪಣೆ ಸಿಕ್ಕ ಊರು ಬೆಳೆಯಿತು, ಸಿಗದ್ದು ಹಳ್ಳಿಯಾಗೇ ಉಳಿಯಿತು. ಬೀದಿಗಳ ಹೆಸರಿನಲ್ಲಿ ಸಂತೆ ಇನ್ನೂ ಇದೆ. ಮಿಲ್ಕ್ ಸ್ಟ್ರೀಟ್, ಫಿಶ್ ಸ್ಟ್ರೀಟ್, ಬುಚರ್ ರೋ. ನಮ್ಮ ಹುಬ್ಬಳ್ಳಿಯ ಜವಳಿ ಸಾಲಿನ ಹಾಗೆ.

ಜವಳಿ ಅಂದೆನಲ್ಲ, ಶ್ರೂಸ್‌ಬರಿ ದುಡ್ಡು ಮಾಡಿದ್ದೇ ಜವಳಿಯಲ್ಲಿ. ವೇಲ್ಸಿನ ಗುಡ್ಡಗಾಡಿನ ನೇಕಾರರು ಒರಟು ಉಣ್ಣೆ ಬಟ್ಟೆ ನೇಯುತ್ತಿದ್ದರು. ಅದನ್ನು ಕೊಂಡು, ಹಸನು ಮಾಡಿಸಿ, ಲಂಡನ್ನಿಗೆ ಮಾರುತ್ತಿದ್ದವರು ಈ ಊರಿನ ಡ್ರೇಪರ್‌ಗಳು. ಡ್ರೇಪರ್ ಅಂದರೆ ಯಾರೋ ಏನೋ ಅಂದುಕೊಂಡಿದ್ದೆ. ನೋಡಿದರೆ ನಮ್ಮಪ್ಪ! ಗದಗದಲ್ಲಿ ನಮ್ಮದು ಜವಳಿ ಅಂಗಡಿ. ಬೆಟಗೇರಿಯ ನೇಕಾರರ ಮನೆಗೆ ಅಜ್ಜ ಸೈಕಲ್ ಮೇಲೆ ಹೋಗಿ ಸೀರೆ ತರುತ್ತಿದ್ದರು, ಅಪ್ಪ ಇಚಲಕರಂಜಿ, ಸೊಲ್ಲಾಪುರ ಅಂತ ತಿರುಗಿದರು.

ಊರಿನ ನಡುವೆ ಒಂದು ಚೌಕ ಇದೆ, ಹೆಸರು ಸುಮ್ನೆ ಸ್ಕ್ವೇರ್. ಅಲ್ಲಿ 1596ರಲ್ಲಿ ಕಟ್ಟಿದ ಕಲ್ಲಿನ ಮಾರ್ಕೆಟ್ ಹಾಲ್ ಇದೆ. ಕೆಳಗೆ ಕಮಾನುಗಳ ಬಯಲು ಜಗಲಿ, ಮೇಲೆ ಒಂದು ಉದ್ದನೆಯ ಕೋಣೆ. ಕೆಳಗೆ ಕಾಳು ವ್ಯಾಪಾರ, ಮೇಲೆ ಬಟ್ಟೆ ವ್ಯಾಪಾರ. ಡ್ರೇಪರ್‌ಗಳು ಹಿರಿತನದ ಪ್ರಕಾರ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಹತ್ತಬೇಕಿತ್ತಂತೆ, ನಿನ್ನೆ ಮೊನ್ನೆ ವ್ಯಾಪಾರಕ್ಕೆ ಬಂದವನು ಓಡಿ ಹೋಗಿ ಒಳ್ಳೇ ಮಾಲು ಹಿಡಿಯುವಂತಿಲ್ಲ. ಈಗ ಮೇಲೆ ಒಂದು ಪುಟ್ಟ ಸಿನಿಮಾ ಮಂದಿರ, ಕಾಫಿ ಅಂಗಡಿ. ಕೆಳಗಿನ ಕಲ್ಲಿನಲ್ಲಿ ಸಾಲಾಗಿ ತೂತುಗಳಿವೆ. ಎಷ್ಟು ಮಾಲು ಹೋಯಿತು ಅಂತ ಗೂಟ ಚುಚ್ಚಿ ಲೆಕ್ಕ ಇಡೋಕೆ. ಮಳೆ ಬಂದಾಗಲೆಲ್ಲ ಅಲ್ಲಿ ನಿಲ್ಲುತ್ತಿದ್ದೆ, ಸುಮ್ಮನೆ ತೂತಿನಲ್ಲಿ ಬೆರಳಿಡುತ್ತಿದ್ದೆ. ಅಂಚು ನುಣ್ಣಗಾಗಿದೆ.

ನಾವು ನಿಜವಾಗಿ ಸಂತೆ ಮಾಡುತ್ತಿದ್ದಿದ್ದು ಅದರಲ್ಲಲ್ಲ, 1965ರಲ್ಲಿ ಕಟ್ಟಿದ ಹೊಸ ಮಾರ್ಕೆಟ್ ಹಾಲ್‌ನಲ್ಲಿ. ಇಟ್ಟಿಗೆ ಕಾಂಕ್ರೀಟಿನ ಕಟ್ಟಡ, ಪಕ್ಕಕ್ಕೊಂದು ಗಡಿಯಾರದ ಗೋಪುರ. ಚೆಂದ ಇದೆ ಅಂತ ಹೇಳೋಕಾಗಲ್ಲ. ಊರಿನ ಅರ್ಧ ಜನ ಅದನ್ನು ಇವತ್ತಿಗೂ ಬೈಯುತ್ತಾರೆ, ಬೈಯುತ್ತಲೇ ಚೀಲ ಹಿಡಿದು ಒಳಗೆ ಹೋಗುತ್ತಾರೆ. 2018ರಲ್ಲಿ ಇಡೀ ಬ್ರಿಟನ್ನಿನ ಅಚ್ಚುಮೆಚ್ಚಿನ ಮಾರ್ಕೆಟ್ ಅಂತ ಅದಕ್ಕೆ ಬಹುಮಾನ ಬಂತು. ಆ ವಾರ ಮೀನಿನವನಿಂದ ಹಿಡಿದು ಗುಂಡಿ-ದಾರ ಮಾರುವ ಅಜ್ಜಿಯವರೆಗೆ ಎಲ್ಲರ ಮುಖದಲ್ಲೂ ಮದುವೆ ಮನೆ ಕಳೆ. ಚೀಸ್, ಮಾಂಸ, ಹಳೇ ಪುಸ್ತಕ, ಗಡಿಯಾರ ರಿಪೇರಿ, ಬಟ್ಟೆ. ಕರಿಬೇವು ಮಾತ್ರ ಸಿಗುತ್ತಿರಲಿಲ್ಲ, ಅದಕ್ಕೆ ವುಲ್ವರ್‌ಹ್ಯಾಂಪ್ಟನ್ ತನಕ ಹೋಗಬೇಕಿತ್ತು. ನಮ್ಮ ಸಂತೆಯ ಗದ್ದಲ ಅಲ್ಲಿಲ್ಲ. ಯಾರೂ ಕೂಗುವುದಿಲ್ಲ. ಆದರೆ ಮೂರನೇ ಶನಿವಾರಕ್ಕೆ ತರಕಾರಿಯವನಿಗೆ ನನ್ನ ಮುಖ ಪರಿಚಯವಾಗಿ, ನಾನು ಕೇಳುವ ಮೊದಲೇ ಹಸಿಮೆಣಸಿನಕಾಯಿ ತೆಗೆದಿಡತೊಡಗಿದ. ಇಂಗ್ಲೆಂಡಿನಲ್ಲಿ ನನ್ನದೂ ಒಂದು ಲೆಕ್ಕ ಇದೆ ಅಂತ ಅನಿಸಿದ್ದು ಆವತ್ತು.

ವಾರಕ್ಕೆ ಎರಡು ದಿನ ಒಂದು ಚಾರಿಟಿ ಅಂಗಡಿಯಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿಕೊಂಡೆ. ಜನ ಕೊಟ್ಟ ಹಳೇ ಬಟ್ಟೆ ವಿಂಗಡಿಸಿ ಬೆಲೆ ಚೀಟಿ ಹಚ್ಚುವುದು. ಶುರುವಿನಲ್ಲೇ ಒಂದು ಕ್ಯಾಶ್ಮೀರಿ ಸ್ವೆಟರಿಗೆ ಎರಡು ಪೌಂಡ್ ಹಚ್ಚಿಬಿಟ್ಟೆ. ಹತ್ತು ನಿಮಿಷದಲ್ಲಿ ಮಾರಾಟವಾಯಿತು. ಜವಳಿ ಅಂಗಡಿಯ ಮಗಳು ಅಂತ ಹೇಳಿಕೊಂಡು ತಿರುಗುತ್ತಿದ್ದವಳು! ಅಪ್ಪನಿಗೆ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸರು ಊರಿನ ಕತೆಗಳನ್ನು ನೆರೆಮನೆಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. 1788ರಲ್ಲಿ ಹಳೇ ಸೇಂಟ್ ಚಾಡ್ಸ್ ಚರ್ಚಿನ ಸೂರು ಸೋರುತ್ತಿತ್ತು, ನೋಡೋಕೆ ಥಾಮಸ್ ಟೆಲ್ಫರ್ಡ್ ಅನ್ನುವ ಎಂಜಿನಿಯರನ್ನು ಕರೆದರು. ಅವನು ನೋಡಿ, ಸೂರು ಇರಲಿ, ಗೋಡೆಗಳೇ ಬೀಳುತ್ತವೆ, ಮಾತಾಡೋದಾದರೆ ಹೊರಗೆ ಹೋಗಿ ಮಾತಾಡೋಣ ಅಂದ. ಇವನು ದೊಡ್ಡ ಕೆಲಸ ಗಿಟ್ಟಿಸೋಕೆ ಹೀಗೆ ಹೇಳುತ್ತಿದ್ದಾನೆ ಅಂತ ಇವರು ನಕ್ಕರು. ಕೆಲವೇ ದಿನಕ್ಕೆ ಬೆಳಗಿನ ಜಾವ ಗಡಿಯಾರ ನಾಲ್ಕು ಹೊಡೆಯುವಾಗ ಗೋಪುರ ಕುಸಿದುಬಿತ್ತು. ಸೇಂಟ್ ಮೇರೀಸ್ ಚರ್ಚಿನ ಗೋಡೆಯಲ್ಲಿ ಒಂದು ಕಲ್ಲು ಫಲಕ ಇದೆ, ರಾಬರ್ಟ್ ಕ್ಯಾಡ್ಮನ್ ಅನ್ನುವವನದು. 1739ರಲ್ಲಿ ಆ ಚರ್ಚಿನ ಶಿಖರಕ್ಕೆ ಹಗ್ಗ ಕಟ್ಟಿ ನದಿಯ ಆಚೆಗೆ ಜಾರಲು ಹೋಗಿ ಸತ್ತ. ಅದೇ ಶಿಖರದ ತುದಿ 1894ರ ಬಿರುಗಾಳಿಗೆ ಮುರಿದುಬಿತ್ತು. ಊರಿನಲ್ಲಿ ಆಗ ಡಾರ್ವಿನ್ನನ ಪ್ರತಿಮೆ ಇಡುವ ಮಾತು ನಡೆದಿತ್ತು, ದೇವರಿಗೆ ಸಿಟ್ಟು ಬಂದಿದೆ ಅಂತ ಪಾದ್ರಿ ಸಾರಿದರಂತೆ. ಪ್ರತಿಮೆ ಮಾತ್ರ 1897ರಲ್ಲಿ ಬಂದೇ ಬಂತು. ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು ಇದೇ ಊರಲ್ಲಿ, 1809ರಲ್ಲಿ. ಅವನು ಓದಿದ ಶಾಲೆಯ ಕಟ್ಟಡ ಈಗ ಲೈಬ್ರರಿ, ಅದರ ಮುಂದೆ ಕುರ್ಚಿ ಮೇಲೆ ಕೂತಿದ್ದಾನೆ. ತಲೆ ಮೇಲೆ ಪಾರಿವಾಳ.

ಒಂದು ಕತೆಯನ್ನು ಮಾತ್ರ ಅವರು ದನಿ ತಗ್ಗಿಸಿ ಹೇಳಿದರು. ವಿಲ್ಫ್ರೆಡ್ ಓವೆನ್ ಅನ್ನುವ ಕವಿ, ಮೊದಲ ಮಹಾಯುದ್ಧದ ಸೈನಿಕ, ಮನೆಯವರು ಈ ಊರಲ್ಲೇ ಇದ್ದರು. 1918ರ ನವೆಂಬರ್ 4ಕ್ಕೆ ಅವನು ಫ್ರಾನ್ಸಿನಲ್ಲಿ ಸತ್ತ. ನವೆಂಬರ್ 11ಕ್ಕೆ ಯುದ್ಧ ಮುಗಿಯಿತು ಅಂತ ಊರಿನ ಚರ್ಚುಗಳೆಲ್ಲ ಗಂಟೆ ಬಾರಿಸುತ್ತಿರುವಾಗ ತಂತಿ ಮನೆ ಬಾಗಿಲಿಗೆ ಬಂತು. ಅಷ್ಟು ಹೇಳಿ ಅವರು ಮತ್ತೆ ಅಂಗಿಗಳನ್ನು ಮಡಚತೊಡಗಿದರು.

2019ರ ಮೇ ತಿಂಗಳಲ್ಲಿ ಅಪ್ಪ ಬಂದರು. ಅಂಗಡಿಗೆ ಮೂರು ವಾರ ರಜೆ, ಅವರ ಜೀವನದಲ್ಲೇ ಮೊದಲ ಸಲ. ಪೆಟ್ಟಿಗೆ ತೆರೆದರೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಖಡಕ್ ರೊಟ್ಟಿ, ಅದರಡಿ ಬೆಚ್ಚಗೆ ಕೂತ ಕಯಾನಿ ಡಬ್ಬಿ. ಶ್ರೂಸ್‌ಬರಿಗೆ ಶ್ರೂಸ್‌ಬರಿ ಬಿಸ್ಕತ್ತು! "ಇಲ್ಲಿಯವರಿಗೆ ತೋರಸ್ಬೇಕಲ್ಲ, ನಮ್ಮ ಪುಣೇದಾಗ ಹೆಂಗ ಮಾಡ್ತಾರಂತ."

ಆ ಊರಲ್ಲಿ ಆ ಬಿಸ್ಕತ್ತು ಹುಡುಕೋದು ಕಷ್ಟ, ನಗು ಬರುವುದು ಇದಕ್ಕೇ. ಕೋಟೆಯ ಹತ್ತಿರದ ಬೀದಿಯಲ್ಲಿ ಒಂದು ಗೋಡೆಗೆ ಫಲಕ ಇದೆ, ಪಾಲಿನ್ ಅನ್ನುವವನು 1760ರಲ್ಲಿ ಇಲ್ಲಿ ಶ್ರೂಸ್‌ಬರಿ ಕೇಕ್ ಮಾಡುತ್ತಿದ್ದ ಅಂತ. ಫಲಕ ಇದೆ, ಘಮ ಇಲ್ಲ. ಒಂದು ಚಹಾ ಅಂಗಡಿಯಲ್ಲಿ ಕೊನೆಗೂ ಸಿಕ್ಕಿತು. ತೆಳ್ಳಗೆ, ನಿಂಬೆ ಸಿಪ್ಪೆ ಹಾಕಿದ್ದು. ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ "ಪುಣೇದ ಛಲೋ" ಅಂದರು. ಪಕ್ಕದ ಮನೆಯ ಅಜ್ಜಿಗೆ ಕಯಾನಿ ಡಬ್ಬಿಯಿಂದ ನಾಲ್ಕು ಕೊಟ್ಟೆವು. ಆಕೆಯೂ ಅದನ್ನೇ ಹೇಳಿದರು ಅನ್ನುವುದು ಅಪ್ಪನ ವಾದ. ಪಾಪ, ಆಕೆ ಅಂದಿದ್ದು ಬರೀ ಥ್ಯಾಂಕ್ಸ್.

ಊರನ್ನು ನಾನು ಕಾಲಲ್ಲಿ ನೋಡಿದ್ದೆ. ಅಪ್ಪ ಕೈಯಲ್ಲಿ ನೋಡಿದರು. ಹೊಸ ಮಾರ್ಕೆಟ್ಟಿನ ಬಟ್ಟೆ ಅಂಗಡಿ ಮುಂದೆ ಅವರ ಕಾಲು ತಾನಾಗೇ ನಿಂತಿತು. ಮೇಜಿನ ಅಂಚಿಗೆ ಹಿತ್ತಾಳೆ ಅಳತೆ ಪಟ್ಟಿ ಹೊಡೆದಿತ್ತು. ಅದನ್ನು ಸವರಿ ನೋಡಿ ತಲೆಯಾಡಿಸಿದರು. ಒಂದು ಕಂದು ಬಣ್ಣದ ಟ್ವೀಡ್ ತುಂಡು ಎತ್ತಿಕೊಂಡರು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿದರು. ಓರೆಯಾಗಿ ಎಳೆದರು. ಬೆಳಕಿಗೆ ಹಿಡಿದರು. ಅಂಚಿನಿಂದ ಒಂದೇ ಒಂದು ಎಳೆ ಕಿತ್ತು, ಅಂಗಡಿಯವನ ಕಡೆ ನೋಡಿ, ಕಡ್ಡಿ ಗೀರುವ ಸನ್ನೆ ಮಾಡಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಅಪ್ಪಾ, ಇಲ್ಲಿ ಹಂಗೆಲ್ಲ ಮಾಡಬಾರದು" ಅನ್ನುವಷ್ಟರಲ್ಲಿ ಆ ಮನುಷ್ಯ, ಅರವತ್ತರ ಆಸುಪಾಸು, ಜೇಬಿನಿಂದ ಲೈಟರ್ ತೆಗೆದ. ಎಳೆ ಸುಟ್ಟಿತು. ಇಬ್ಬರೂ ಬಗ್ಗಿ ಮೂಸಿದರು. ಕೂದಲು ಸುಟ್ಟ ವಾಸನೆ. ಬೂದಿಯನ್ನು ಅಪ್ಪ ಬೆರಳಲ್ಲಿ ಪುಡಿ ಮಾಡಿದರು, ಅದು ಪುಡಿಯಾಯಿತು. ಅಪ್ಪಟ ಉಣ್ಣೆ. ನೈಲಾನ್ ಕೂಡಿದ್ದರೆ ಗಂಟಾಗುತ್ತಿತ್ತು. ಇಬ್ಬರೂ ನಕ್ಕರು. ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಅವನಿಗೆ ಕನ್ನಡ ಬರಲ್ಲ, ನಾನು ನಡುವೆ ಸುಮ್ಮನೆ ನಿಂತಿದ್ದೆ. ಒಂದೂವರೆ ಮೀಟರ್ ಕಟ್‌ಪೀಸಿಗೆ ಅವನು ಹದಿನೆಂಟು ಪೌಂಡ್ ಅಂದ. ಅಪ್ಪ ಬೆರಳಲ್ಲಿ ಹನ್ನೆರಡು ತೋರಿಸಿದರು. ಹದಿನೈದಕ್ಕೆ ಮುಗಿಯಿತು. ನಾನು ಅಲ್ಲಿದ್ದಷ್ಟು ದಿನದಲ್ಲಿ ಆ ಹಾಲ್‌ನಲ್ಲಿ ಚೌಕಾಸಿ ಮಾಡಿದ್ದನ್ನು ನೋಡಿದ್ದು ಅದೊಂದೇ ಸಲ.

ಊರಿನ ಹೊರಗೊಂದು ಹಳೇ ಗಿರಣಿ ಇದೆ, 1797ರದು. ಒಳಗಿನ ಕಂಬ ತೊಲೆಗಳೆಲ್ಲ ಕಬ್ಬಿಣದವು. ಜಗತ್ತಿನಲ್ಲಿ ಹಾಗೆ ಕಟ್ಟಿದ ಮೊದಲ ಕಟ್ಟಡ ಅದು. ಈಗಿನ ಗಗನಚುಂಬಿಗಳಿಗೆಲ್ಲ ಅಜ್ಜ ಅಂತಾರೆ. ಅದುವರೆಗೆ ಗಿರಣಿಗಳಲ್ಲಿ ಮರದ ತೊಲೆ, ಮೇಣದ ಬತ್ತಿ, ಗಾಳಿ ತುಂಬ ನಾರಿನ ಧೂಳು, ಒಂದು ಕಿಡಿ ಬಿದ್ದರೆ ಮುಗೀತು. ಅದಕ್ಕೇ ಚಾರ್ಲ್ಸ್ ಬೇಜ್ ಅನ್ನುವವನು ಕಬ್ಬಿಣಕ್ಕೆ ಕೈ ಹಾಕಿದ. ನಾವು ಹೋದಾಗ ರಿಪೇರಿ ನಡೆದಿತ್ತು, ಹೊರಗಿಂದಷ್ಟೇ ನೋಡಿದೆವು. ಕಬ್ಬಿಣದ ವಿಷಯ ಅಪ್ಪನಿಗೆ ಅಷ್ಟೇನೂ ಹತ್ತಲಿಲ್ಲ. ಅಲ್ಲಿ ನೂಲುತ್ತಿದ್ದದ್ದು ಫ್ಲ್ಯಾಕ್ಸ್, ಅಂದರೆ ನಮ್ಮ ಅಗಸಿ ಅಂದೆ ನೋಡಿ, ನಿಂತುಬಿಟ್ಟರು. "ಅಗಸಿ? ಹಿಂಡಿ ಮಾಡೂ ಅಗಸಿ? ಅದರಾಗ ನೂಲಾ?" ನಾವು ಬೀಜ ತಿನ್ನುತ್ತೇವೆ, ಅವರು ಕಾಂಡದ ನಾರು ತೆಗೆದು ಲಿನನ್ ಮಾಡಿದರು. ಅಪ್ಪ ನಲವತ್ತು ವರ್ಷ ಲಿನನ್ ಶರ್ಟ್ ಪೀಸ್ ಮಾರಿದ್ದಾರೆ. ಆ ರಾತ್ರಿ ಊಟಕ್ಕೆ ಕೂತಾಗ ಹಿಂಡಿಯನ್ನು ಬೇರೆಯೇ ಥರ ನೋಡುತ್ತಿದ್ದರು.

ಸ್ಕ್ವೇರಿನಲ್ಲಿ ಒಂದು ಪ್ರತಿಮೆ ಇದೆ, ಇಷ್ಟು ಹೊತ್ತು ಅದರ ಸುದ್ದಿಗೆ ಬರಲಿಲ್ಲ. ರಾಬರ್ಟ್ ಕ್ಲೈವ್. ಪ್ಲಾಸಿ ಯುದ್ಧದ ಕ್ಲೈವ್, ನಾವು ಶಾಲೆಯಲ್ಲಿ ಓದಿದ ಕ್ಲೈವ್. ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ಮಾರ್ಕೆಟ್ ಡ್ರೇಟನ್ ಹತ್ತಿರ. ಬಂಗಾಳದಲ್ಲಿ ಗಂಟು ಮಾಡಿಕೊಂಡು ಬಂದು ಶ್ರೂಸ್‌ಬರಿಯ ಎಂಪಿಯಾದ, 1762ರಲ್ಲಿ ಮೇಯರ್ ಆದ. ಪ್ರತಿಮೆ ನಿಲ್ಲಿಸಿದ್ದು 1860ರಲ್ಲಿ, ಅಂದರೆ 1857ರ ದಂಗೆ ಮುಗಿದ ಬೆನ್ನಿಗೇ. ಕಾಕತಾಳೀಯ ಅಂತ ನನಗೆ ಅನಿಸಲ್ಲ. ಹಳೇ ಮಾರ್ಕೆಟ್ ಹಾಲ್ ಒಂದು ಕಡೆ, ಅವನು ಒಂದು ಕಡೆ. ಅಪ್ಪ ತಲೆ ಎತ್ತಿ ನೋಡಿದರು. "ವ್ಯಾಪಾರಕ್ಕ ಬಂದಾಂವ ಗಜಕಡ್ಡಿ ಹಿಡೀಬೇಕಿತ್ತು. ಇಂವ ಕತ್ತಿ ಹಿಡದ" ಅಂದು ಬೆಂಚಿನ ಮೇಲೆ ಕೂತರು.

ಮರುದಿನ ಪೋವಿಸ್ ಕೋಟೆಗೆ ಹೋದೆವು. ಶ್ರೂಸ್‌ಬರಿಯಿಂದ ವೆಲ್ಷ್‌ಪೂಲ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಅಲ್ಲಿಂದ ಜಿಂಕೆಗಳಿರುವ ತೋಪಿನ ನಡುವೆ ನಡೆದು ಹೋಗಬೇಕು. ಕೆಂಪು ಕಲ್ಲಿನ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ ಈ ಮನೆತನದ ಹೆನ್ರಿಯೆಟ್ಟಾಳನ್ನು ಮದುವೆಯಾದ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಮದ್ರಾಸಿನ ಗವರ್ನರ್ ಆಗಿದ್ದವನು ಈ ಎಡ್ವರ್ಡ್. ಮರುವರ್ಷ ಹೆನ್ರಿಯೆಟ್ಟಾ ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ತಿರುಗಿಬಂದಳು. ಶ್ರೀರಂಗಪಟ್ಟಣದ ಸಾಮಾನು ವೇಲ್ಸಿನ ಗುಡ್ಡದ ಮೇಲೆ ಬಂದು ಕೂತಿದ್ದು ಹೀಗೆ. ಸಿಂಹಾಸನದ ಒಂದು ಚಿನ್ನದ ಹುಲಿ ತಲೆ ಇದೆ, ಮುಷ್ಟಿಯಲ್ಲಿ ಹಿಡಿಯುವಷ್ಟು. ಜನ ಅದರ ಮುಂದೆ ಗುಂಪಾಗುತ್ತಾರೆ.

ಅಪ್ಪ ಗುಂಪಿಗೆ ಹೋಗಲಿಲ್ಲ. ಅವರು ನಿಂತಿದ್ದು ಡೇರೆ ಮುಂದೆ. ಟಿಪ್ಪುವಿನ ಡೇರೆ. ಬಿಳಿ ನೆಲದ ಹತ್ತಿ ಬಟ್ಟೆ, ಅದರ ಮೇಲೆ ಕುಂಡದಿಂದ ಎದ್ದ ಹೂಬಳ್ಳಿ, ಕೆಂಪು, ಹಸಿರು. ಇಂಗ್ಲಿಷಿನಲ್ಲಿ ಚಿಂಟ್ಸ್ ಅಂತ ಬರೆದಿದ್ದರು. ನಮ್ಮ ಅಜ್ಜಿಯ ಕಾಲದವರು ಚೀಟಿ ಲಂಗ, ಚೀಟಿ ಬಟ್ಟೆ ಅನ್ನುತ್ತಿದ್ದರಲ್ಲ, ಅದೇ ಮಾತು, ಹಡಗು ಹತ್ತಿ ಹೋಗಿ ಚಿಂಟ್ಸ್ ಆಗಿದೆ. ಬಣ್ಣ ಮಾಸಬಾರದು ಅಂತ ಬೆಳಕು ಕಡಿಮೆ ಇಟ್ಟಿದ್ದರು. ಮುಟ್ಟುವ ಹಾಗಿಲ್ಲ. ಅಪ್ಪನ ಕೈ ಬೆನ್ನ ಹಿಂದೆ ಕಟ್ಟಿತ್ತು, ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು, ಹೆಬ್ಬೆರಳು ತೋರುಬೆರಳು ಮಾತ್ರ ತಿಕ್ಕುತ್ತಿದ್ದವು, ಬರೀ ಗಾಳಿಯನ್ನು.

ಅಲ್ಲಿದ್ದ ಮೇಲ್ವಿಚಾರಕಿ, ವಯಸ್ಸಾದ ಹೆಂಗಸು, ಹತ್ತಿರ ಬಂದು ಇದು ಪೂರ್ತಿ ಕಾಟನ್ ಅಂತ ಮೆಲ್ಲಗೆ ವಿವರಿಸಿದರು. ಅಪ್ಪನಿಗೆ ಹೇಳಿದೆ. "ಹತ್ತಿ ಅನ್ನೂದು ನನಗ ಹೇಳ್ತಾರೇನು?" ಅಂದರು. ಅಂದು, ಆಕೆಗೆ ಕೈ ಮುಗಿದರು. ಮತ್ತೆ ಬಟ್ಟೆ ಕಡೆ ತಿರುಗಿ, "ಅಚ್ಚು ಎಲ್ಲಿ ಕೂಡ್ಯಾವ ತಿಳೀವಲ್ದು ನೋಡ ಯವ್ವಾ. ಇಂಥ ಕೆಂಪು ಈಗ ಯಾರಿಗೂ ಬರೂದಿಲ್ಲ. ಈ ಅರಬಿ ನಮ್ಮ ಅಂಗಡ್ಯಾಗ ಇದ್ದಿದ್ರ ನಾ ಮಾರ್ತಿದ್ದಿಲ್ಲ."

ಯಾರದು ಆ ಬಟ್ಟೆ, ವಾಪಸ್ ಕೊಡಬೇಕಾ, ಕೊಟ್ಟರೆ ಯಾರಿಗೆ, ಇದೆಲ್ಲ ಅಪ್ಪ ಮಾತಾಡಲಿಲ್ಲ. ನಾನು ರೈಲಿನಲ್ಲಿ ಕೆದಕಿದೆ. ಟಿಪ್ಪು ಅಂದರೆ ನಮ್ಮಲ್ಲೂ ಜಗಳವೇ ತಾನೇ, ಅಪ್ಪ ಆ ಜಗಳಕ್ಕೆ ಹೋಗುವವರಲ್ಲ. ಕಿಟಕಿ ಆಚೆ ಸೆವರ್ನ್ ಕಾಣಿಸಿದಾಗ, "ಊರ ಸುತ್ತ ಹೊಳಿ. ಥೇಟ್ ಶ್ರೀರಂಗಪಟ್ಟಣನ" ಅಂದರು ಅಷ್ಟೇ.

ಅಪ್ಪ ಹೋಗಿ ಎರಡೂವರೆ ತಿಂಗಳಿಗೆ, ಆಗಸ್ಟಿನಲ್ಲಿ, ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಕಡೆಯೆಲ್ಲ ನೀರಾಯಿತು. ಅಪ್ಪ ಅಂಗಡಿಯಿಂದ ಸೀರೆ, ಚಾದರ ಗಾಡಿಗೆ ಹಾಕಿ ಕಳಿಸುತ್ತಿದ್ದರು, ನಾನು ಸೆವರ್ನ್ ದಡದ ಬೆಂಚಿನ ಮೇಲೆ ಕೂತು ವಿಡಿಯೊ ನೋಡಿ ಅಳುತ್ತಿದ್ದೆ. ಎದುರಿಗೆ ಬಾತುಕೋಳಿ ತೇಲುವ ಸಾಧು ನದಿ. ಆರು ತಿಂಗಳಾದ ಮೇಲೆ, 2020ರ ಫೆಬ್ರವರಿಯಲ್ಲಿ, ಆ ಸಾಧು ನದಿಯೇ ಏರಿತು. ನಾನು ಕೂರುತ್ತಿದ್ದ ಬೆಂಚು ಕಾಣಿಸಲಿಲ್ಲ. ವೆಲ್ಷ್ ಬ್ರಿಡ್ಜ್ ಆಚೆಯ ಫ್ರಾಂಕ್‌ವೆಲ್ ಕಡೆ ಕಾರು ನಿಲ್ಲಿಸುವ ಜಾಗ ಕೆರೆಯಾಯಿತು. ಹೊಳೆ ದಂಡೆಯ ಮನೆಗಳವರು ಬಾಗಿಲಿಗೆ ಮರಳು ಚೀಲ ಒಡ್ಡಿ, ಚಾಪೆ ಕಂಬಳಿ ಮೇಲಿನ ಅಂತಸ್ತಿಗೆ ಸಾಗಿಸಿದರು. ಚಾರಿಟಿ ಅಂಗಡಿಯಿಂದ ನಾವು ಕಂಬಳಿ ಕಟ್ಟಿ ಕಳಿಸಿದೆವು. ಫೋನಿನಲ್ಲಿ ಅಪ್ಪ ಕೇಳಿದ್ದ ಮೊದಲ ಪ್ರಶ್ನೆ, "ಆ ಬಟ್ಟಿ ಅಂಗಡಿಯಾಂವ ಹೆಂಗಿದಾನ?" ಮಾರ್ಕೆಟ್ ದಿಬ್ಬದ ಮೇಲಿದೆ, ಏನೂ ಆಗಿಲ್ಲ ಅಂದೆ.

ನೀರು ಇಳಿದು, ಕೆಸರು ತೊಳೆದು ಮುಗಿಯುವಷ್ಟರಲ್ಲಿ ಲಾಕ್‌ಡೌನ್ ಬಂತು. ಮಾರ್ಕೆಟ್ಟಿಗೆ ಬೀಗ. ಶನಿವಾರ ಅನ್ನುವುದೇ ಇಲ್ಲವಾಯಿತು. ದಿನಕ್ಕೊಮ್ಮೆ ನಡೆಯೋಕೆ ಬಿಡುತ್ತಿದ್ದರು, ನಾನು ಖಾಲಿ ಸಂದಿಗಳಲ್ಲಿ ಸುತ್ತುತ್ತಿದ್ದೆ. ಆ ಹೊತ್ತಿಗೆ ಒಂದರಲ್ಲೂ ದಾರಿ ತಪ್ಪುತ್ತಿರಲಿಲ್ಲ. ಅದೇ ಜೂನ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಯನ್ನು ಜನ ಕಿತ್ತು ನೀರಿಗೆಸೆದರು, ಕೂಡಲೇ ಶ್ರೂಸ್‌ಬರಿಯಲ್ಲೂ ಕ್ಲೈವ್‌ನ ಮಾತು ಎದ್ದಿತು. ತೆಗೆಯಿರಿ ಅಂತ ಸಾವಿರಾರು ಜನ ಸಹಿ ಹಾಕಿದರು, ಬೇಡ ಅಂತಲೂ ಹಾಕಿದರು. ಚಾರಿಟಿ ಅಂಗಡಿಯ ಗೆಳತಿಯರ ವಾಟ್ಸ್ಯಾಪ್ ಗುಂಪೇ ಎರಡಾಯಿತು. ಒಬ್ಬರು ನನ್ನನ್ನು ನೇರವಾಗಿ ಕೇಳಿದರು, ನೀನು ಭಾರತದವಳು, ನೀನೇನಂತೀಯ?

ಏನನ್ನಲಿ? ಮೂರು ವರ್ಷ ಅವನ ಕಾಲ ಬುಡದಲ್ಲಿ ಸ್ಯಾಂಡ್‌ವಿಚ್ ತಿಂದಿದ್ದೇನೆ. ಅವನನ್ನು ಕಂಡರೆ ಆಗುವುದಿಲ್ಲ, ಆ ಚೌಕ ಕಂಡರೆ ಜೀವ. ನನಗೆ ಕೇಳಿದರೆ ಪ್ರತಿಮೆ ಪೋವಿಸ್‌ಗೆ ಹೋಗಲಿ, ಡೇರೆ ಮುಂದೆ ನಿಲ್ಲಲಿ ಅಂತ ಬರೆದೆ. ಕೆಲವರು ನಗುವ ಮುಖ ಹಾಕಿದರು. ನಾನು ತಮಾಷೆಗೆ ಹೇಳಿರಲಿಲ್ಲ. ಜುಲೈಯಲ್ಲಿ ಕೌನ್ಸಿಲ್‌ನವರು ಪ್ರತಿಮೆ ಇರಲಿ ಅಂತ ಮತ ಹಾಕಿದರು.

ಆಗಸ್ಟಿನಲ್ಲಿ ನಾವು ಹೊರಟೆವು. ಮಾರ್ಕೆಟ್ ತೆರೆದಿತ್ತು, ಮಾಸ್ಕ್ ಹಾಕಿಕೊಂಡು ಹೋಗಿ ತರಕಾರಿಯವನಿಗೆ ಹೇಳಿ ಬಂದೆ. ಒಂದು ಹಿಡಿ ಹಸಿಮೆಣಸಿನಕಾಯಿ ಪೊಟ್ಟಣ ಕಟ್ಟಿ ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ವಿಮಾನಕ್ಕೆ ಒಯ್ಯೋಕಾಗಲ್ಲ ಅಂತ ಹೇಳೋಕೆ ಮನಸ್ಸಾಗಲಿಲ್ಲ.

ಈಗ ಹುಬ್ಬಳ್ಳಿಯಲ್ಲಿದ್ದೇವೆ, ತಿಂಗಳಿಗೊಮ್ಮೆ ಗದಗ. ಆ ಟ್ವೀಡ್ ಕಟ್‌ಪೀಸನ್ನು ಅಪ್ಪ ಹೊಲಿಸಲೇ ಇಲ್ಲ. ಗದಗದ ಬಿಸಿಲಿಗೆ ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗುತ್ತಾರೆ? ಅಂಗಡಿಯ ಗಾಜಿನ ಕಪಾಟಿನಲ್ಲಿ ಮೇಲಿನ ಸಾಲಿನಲ್ಲಿಟ್ಟಿದ್ದಾರೆ, ನುಸಿ ಗುಳಿಗೆ ಹಾಕಿ. ಹೋದ ವಾರ ನಾನಿದ್ದಾಗಲೇ ಒಬ್ಬರು ಕೋಟಿಗೆ ಬಟ್ಟೆ ನೋಡೋಕೆ ಬಂದರು, ಮಗನ ಮದುವೆಯಂತೆ. ಅವರ ಕಣ್ಣು ಅದರ ಮೇಲೇ ಬಿತ್ತು. ಅದು ಎಷ್ಟು ಅಂತ ಕೇಳಿದರು.

"ಅದು ಮಾರೂದಲ್ರಿ" ಅಂದರು ಅಪ್ಪ. ಆದರೂ ಕೆಳಗಿಳಿಸಿದರು. ಮಡಿಕೆ ಬಿಚ್ಚಿ ಗಾದಿ ಮೇಲೆ ಹರಡಿ, "ಹಿಡದು ನೋಡ್ರಿ ಬೇಕಾದ್ರ" ಅಂತ ಅವರ ಕೈಗೇ ಕೊಟ್ಟರು.